ಹತ್ತೊಂಬತ್ತನೇ ದಿನದ ಸಾಲು

ಅವಳು ಆ ಬಾಗಿಲು ದೂಡಿದ ರಭಸಕ್ಕೆ ಏಳು ದೇಶಗಳ ಭೂಕಂಪಮಾಪಕಗಳಲ್ಲಿ ಮುಳ್ಳು ಕಿತ್ತುಹೋಯಿತು. ಎರಡು ಬೆಟ್ಟಗಳು ಅರ್ಧ ಗೇಣು ಪಕ್ಕಕ್ಕೆ ಸರಿದು, ಇವತ್ತಿಗೂ ಹಾಗೇ ನಿಂತಿವೆ. ಕಣ್ಣಾರೆ ಕಂಡವನು ನಾನು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ!

ಅದು ಭೂವಿಜ್ಞಾನ ವಿಭಾಗದ ಹಿಂಬದಿಯಲ್ಲಿದ್ದ ಕಲ್ಲು ಕುಯ್ಯುವ ಕೋಣೆಯ ಬಾಗಿಲು. ಒಳಗೆ ಯಂತ್ರ ಕಿರುಚುತ್ತಿತ್ತು, ನೀರು ನಾಲ್ಕೂ ಕಡೆ ಸಿಡಿಯುತ್ತಿತ್ತು. ಯಂತ್ರದ ಹಿಂದೆ ನಿಂತವನು... ಆಹಾ, ಏನು ಹೇಳಲಿ! ಆರೂವರೆ ಅಡಿ ಆಳು. ಕಲ್ಲನ್ನು ಬರೀ ಮೂಸಿ ಅದರ ವಯಸ್ಸು ಹೇಳಬಲ್ಲವನು, ವಾರ ತಿಂಗಳು ಸಮೇತ. ವಿಭಾಗದವರು ಅವನನ್ನು ‘ಗರಗಸ’ ಎಂದು ಕರೆಯುತ್ತಿದ್ದರು. ಕೆಲಸಕ್ಕಿಂತ ಹೆಚ್ಚಾಗಿ ಅವನ ಬಾಯಿಯ ಹರಿತಕ್ಕೆ ಬಂದ ಹೆಸರು ಅದು.

“ಸರ್, ಮೂವತ್ತು ದಿನದ ಫೀಲ್ಡ್‌ಗೆ ಹೆಸರು ಕೊಡಬೇಕಿತ್ತು...”

ಅವನು ಯಂತ್ರ ನಿಲ್ಲಿಸಲಿಲ್ಲ. “ಯಾವ ಡಿಗ್ರಿ?”

“ಗಣಿತ.”

“ದಾರಿ ತಪ್ಪಿ ಬಂದಿದ್ದೀರ. ಲೆಕ್ಕದ ಕಟ್ಟಡ ಎದುರುಗಡೆ.”

“ತಪ್ಪಿಲ್ಲ ಸರ್. ದಾರಿ ಬದಲಾಯಿಸ್ತಾ ಇದ್ದೀನಿ.”

ಅವನು ತಲೆಯೆತ್ತಿ ನೋಡಿದ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಎದೆಗವಚಿದ ಫೈಲು, ಬಸ್ ಡಿಪೋದ ಗುರುತಿನ ಚೀಟಿ. ಡಿಪೋದಲ್ಲಿ ವೇಳಾಪಟ್ಟಿ ಹಾಕುವುದು ಅವಳ ಕೆಲಸ. ಹಿಂದಿನ ವರ್ಷ ಮೂರು ಕಡೆ ಭೂವಿಜ್ಞಾನದ ಸ್ನಾತಕೋತ್ತರ ಸೀಟಿಗೆ ಅರ್ಜಿ ಹಾಕಿದ್ದಳು. ಮೂರೂ ಕಡೆಯಿಂದ ಒಂದೇ ಉತ್ತರ: ನೀವು ಕಲ್ಲು ಮುಟ್ಟಿದವರಲ್ಲ. ಇಲ್ಲಿ ಮಾತ್ರ ಒಂದು ಕಿಂಡಿ ತೆರೆದಿತ್ತು. ಗಣಿತದವರು ಮೂವತ್ತು ದಿನ ಬಯಲಲ್ಲಿ ಕೆಲಸ ಮಾಡಿ, ಪ್ರತಿ ಪುಟಕ್ಕೂ ಫೀಲ್ಡ್ ಸಹಾಯಕನ ಸಹಿ ಇರುವ ನೋಟ್‌ಬುಕ್ ಕೊಟ್ಟರೆ ಅರ್ಜಿ ತೆಗೆದುಕೊಳ್ಳುತ್ತಿದ್ದರು.

ಆ ಸಹಾಯಕ ಈ ಗರಗಸವೇ.

ಅವನು ಕಾಲ ಬಳಿ ಬಿದ್ದಿದ್ದ ಒಂದು ಚೂರನ್ನು ಅವಳ ಕಡೆ ಎಸೆದ. “ಇದೇನು ಅಂತ ಬರೀರಿ, ನೋಡೋಣ.”

ಅವಳು ಕಾಲು ಗಂಟೆ ಬರೆದಳು. ಹರಳುಗಳ ಸರಾಸರಿ ಅಳತೆ, ಬಣ್ಣ, ನೂರಕ್ಕೆಷ್ಟು ಬೂದು, ನೂರಕ್ಕೆಷ್ಟು ಬಿಳಿ... ಅಂಕಿಗಳು ಮುತ್ತು ಪೋಣಿಸಿದಂತೆ!

“ಶಭಾಷ್ ಲೆಕ್ಕದಮ್ಮನೋರೇ!” ಎಂದ ಅವನು. “ಇದು ಕಾಂಕ್ರೀಟು. ನಮ್ಮ ಹಳೇ ಟಾಯ್ಲೆಟ್ ಗೋಡೆ ಒಡೆದಾಗ ಬಿದ್ದಿದ್ದು.”

ಮೂಲೆಯಲ್ಲಿದ್ದ ವಿದ್ಯಾರ್ಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಿವಿ ಕೆಂಪಾದವು. ‘ಈಗ ಎದ್ದು ಹೋದರೆ ಜನ್ಮಪೂರ್ತಿ ಬಸ್ಸುಗಳ ಹಿಂದೆಯೇ...’

“ನಾಳೆ ಎಷ್ಟು ಗಂಟೆಗೆ ಬರಲಿ ಸರ್?” ಎಂದಷ್ಟೇ ಕೇಳಿದಳು.

ಮನೆಯಲ್ಲೇನು ಹೂವು ಹಾಸಿತ್ತೇ? ಅಣ್ಣ ಊಟದ ನಡುವೆ ಅತ್ತಿಗೆಗೆ ಕೇಳಿಸುವಂತೆ ಹೇಳಿದ, “ಕೂಡೋದು ಕಳೆಯೋದು ಕಲಿಸಿದ್ವಿ. ಇವಳಿಗೆ ಕಲ್ಲು ಒಡೆಯೋದು ಬೇಕಂತೆ.”

“ಬಿಡ್ರೀ, ಗಂಡನ ತಲೆ ಒಡೆಯೋಕೆ ಅನುಕೂಲ ಆಗುತ್ತೆ,” ಎಂದರು ಅತ್ತಿಗೆ.

ನಕ್ಕು ಮುಗಿದ ಮೇಲೆ ಅಣ್ಣ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ. “ಇದೇ ಕೊನೇ ಸಲ ಕಣೇ. ಈ ಸಲ ಅರ್ಜಿ ಹೋಗಲಿಲ್ಲ ಅಂದ್ರೆ, ದೂರದ ಡಿಪೋಗೆ ವರ್ಗ ಕೊಡ್ತಿದ್ದಾರಲ್ಲ, ಆ ಕಾಗದಕ್ಕೆ ಬಾಯಿ ಮುಚ್ಚಿಕೊಂಡು ಸಹಿ ಹಾಕು.”

ಅವಳು ಒಪ್ಪಿಕೊಂಡಳು. ಬೇರೆ ದಾರಿ ಇರಲಿಲ್ಲ.

ಮೂವತ್ತು ದಿನ! ರಜೆ ಹಾಕಿ, ಭಾನುವಾರಗಳನ್ನೂ ಸೇರಿಸಿ, ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಅವಳು ಸವೆದಳು. ಬಿಸಿಲು ಎಷ್ಟಿತ್ತೆಂದರೆ ಹಲ್ಲಿಗಳು ಕೊಡೆ ಹಿಡಿದು ಓಡಾಡುತ್ತಿದ್ದವು. ಮೊದಲ ದಿನವೇ ಅವನು ಅವಳ ರಬ್ಬರನ್ನು ಕಿತ್ತು ಗಣಿಯ ನೀರಿಗೆ ಎಸೆದ.

“ಬಯಲಲ್ಲಿ ಬರೆದಿದ್ದನ್ನ ಅಳಿಸೋ ಹಾಗಿಲ್ಲ. ತಪ್ಪಾದ್ರೆ ಮೇಲೊಂದು ಗೆರೆ ಎಳೀರಿ. ಕೆಳಗಿನ ಅಕ್ಷರ ಓದೋ ಹಾಗಿರಬೇಕು.”

“ಗಣಿತದಲ್ಲಿ ರಫ್ ಹಾಳೇನ ಬುಟ್ಟಿಗೆ ಹಾಕ್ತೀವಿ ಸರ್.”

“ಅದಕ್ಕೇ ನಿಮ್ಮೋರು ಹುಟ್ಟುವಾಗಲೇ ಸರಿ ಇದ್ದೋರ ಥರ ಮೆರೀತಾರೆ.”

ಅವನು ಒಂದು ಒಳ್ಳೆಯ ಮಾತಾಡಿದರೆ ಗಣಿ ಕುಸಿಯುತ್ತಿತ್ತೇನೋ! ಅವಳ ನಕ್ಷೆ ನೋಡಿ “ಕೋಳಿ ಕೆದರಿದ ಹಾಗಿದೆ” ಎನ್ನುತ್ತಿದ್ದ. ಬಿದ್ದು ಮೊಣಕಾಲು ತರಚಿಕೊಂಡರೆ, “ಯಾವ ಕಲ್ಲಿನ ಮೇಲೆ ಬಿದ್ರಿ? ಮೊದಲು ಅದನ್ನ ಬರೀರಿ,” ಎನ್ನುತ್ತಿದ್ದ.

ಹತ್ತೊಂಬತ್ತನೇ ದಿನ ಅವನು ಒಂದು ಮಣ್ಣುಗಲ್ಲಿನ ಚೂರು ಕಚ್ಚಿ, ಉಳಿದರ್ಧ ಅವಳಿಗೆ ಕೊಟ್ಟ. “ಹಲ್ಲಲ್ಲಿ ಕಡೀರಿ. ಕರಕರ ಅಂದ್ರೆ ಹೂಳು, ನುಣ್ಣಗಿದ್ರೆ ಜೇಡಿ.”

ಅವಳು ಕಡಿದಳು. “ನುಣ್ಣಗಿದೆ.”

“ಈ ಬುದ್ಧಿ ಇಟ್ಕೊಂಡು ಬಸ್ಸಿನ ಟೈಮ್ ಬರೀತಿದ್ರಾ? ಅಷ್ಟಕ್ಕೂ ಕಲ್ಲು ಯಾಕೆ ಬೇಕು ನಿಮಗೆ?”

ಬಾಯಲ್ಲಿ ಮಣ್ಣು ಇಟ್ಟುಕೊಂಡೇ ಅವಳು ಹೇಳಿದಳು. “ಶಾಖ ಹೇಗೆ ಹರಿಯುತ್ತೆ ಅಂತ ಒಂದು ಸಮೀಕರಣ ಇದೆ ಸರ್. ಆಳದ ಕೊಳವೆ ಬಾವಿಲಿ ಅಡಿ ಅಡಿಗೂ ಬಿಸಿ ಅಳೆದು, ಅದನ್ನ ಹಿಂದಕ್ಕೆ ಬಿಡಿಸಿದ್ರೆ ಇನ್ನೂರು ವರ್ಷದ ಹಿಂದೆ ನೆಲದ ಮೇಲೆ ಎಷ್ಟು ಚಳಿ ಇತ್ತು ಅಂತ ಗೊತ್ತಾಗುತ್ತೆ. ನೆಲ ಮರೆತಿರಲ್ಲ. ನಾನು ಬರೀ ಹಾಳೆ ಮೇಲೆ ಬಿಡಿಸಿದ್ದೀನಿ. ಒಂದು ಸಲ ನಿಜವಾದ ಬಾವಿಗೆ ದಾರ ಇಳಿಸಿ ನೋಡಬೇಕು.”

ಅವನು ನಕ್ಕ. ಮೊದಲ ಸಲ, ಅಪಹಾಸ್ಯವಿಲ್ಲದ ನಗು.

ಆ ಸಂಜೆ ನೋಟ್‌ಬುಕ್ಕಿನಲ್ಲಿ, ಜೇಡಿಗಲ್ಲಿನ ವಿವರದ ಕೆಳಗೆ, ಅವಳ ಪೆನ್ಸಿಲು ತಾನಾಗಿಯೇ ಬರೆಯಿತು:

‘ನಗುವಾಗ ಇವರ ಎಡಗಣ್ಣು ಮೊದಲು ಮುಚ್ಚುತ್ತದೆ, ಬಲಗಣ್ಣು ಆಮೇಲೆ. ಇವತ್ತು ನಾಲ್ಕು ಸಲ ನೋಡಿದೆ. ಸಾಲದು.’

ಬರೆದಾದ ಮೇಲೆ ಅಳಿಸಲು ತಡಕಾಡಿದಳು! ರಬ್ಬರ್ ಇಲ್ಲ. ನಿಯಮದಂತೆ ಒಂದು ಗೆರೆ ಎಳೆದಳು. ಗೆರೆಯ ಕೆಳಗಿನಿಂದ ಪ್ರತಿ ಅಕ್ಷರವೂ ಅವಳನ್ನೇ ನೋಡುತ್ತಿತ್ತು.

ಮೂವತ್ತು ದಿನ ಮುಗಿದ ಮೇಲೆ ಅವನು ಪುಟ ಪುಟವನ್ನೂ ಓದಿ ಸಹಿ ಹಾಕಬೇಕು. ಆ ಸಾಲು ಅವನ ಕಣ್ಣಿಗೆ ಬಿದ್ದರೆ? ಓದಿ, ಆ ಗರಗಸದ ಬಾಯಲ್ಲಿ ವಿದ್ಯಾರ್ಥಿಗಳ ಮುಂದೆ ಹೇಳಿದರೆ? ‘ಸತ್ತೇ ಹೋಗ್ತೀನಿ...’

ಹಾಗಾಗಿ ಹೊಸ ನೋಟ್‌ಬುಕ್ ತಂದು ಮೂವತ್ತೂ ದಿನಗಳನ್ನು ಮೊದಲಿಂದ ಬರೆದಳು. ಆ ಒಂದು ಸಾಲನ್ನು ಬಿಟ್ಟಳು. ಕೈ ಗಣಿತದವಳದು ನೋಡಿ, ಉಳಿದ ತಪ್ಪುಗಳೂ ಬಿಟ್ಟುಹೋದವು. ಪುಸ್ತಕ ತೊಳೆದಿಟ್ಟ ಕನ್ನಡಿಯಂತಾಯಿತು.

ಗುರುವಾರ ಅದನ್ನು ಅವನ ಮುಂದಿಟ್ಟಳು. ಅರ್ಜಿಗೆ ಕೊನೆಯ ಗಡುವು ಮರುದಿನ, ಶುಕ್ರವಾರ ಸಂಜೆ ಐದು.

ಅವನು ನಾಲ್ಕು ಪುಟ ತಿರುವಿದ. ಮುಖ ಕಲ್ಲಾಯಿತು.

“ಇದೇನು?”

“ನೋಟ್‌ಬುಕ್ ಸರ್.”

“ಮೂವತ್ತು ದಿನದಲ್ಲಿ ಒಂದು ತಪ್ಪಿಲ್ಲ. ಒಂದು ಗೆರೆ ಇಲ್ಲ. ಒಂದು ಮಣ್ಣಿನ ಕಲೆ ಇಲ್ಲ. ಯಾರಿಗೆ ಟೋಪಿ ಹಾಕೋಕೆ ಬಂದಿದ್ದೀಯ?”

‘ಬಂದಿದ್ದೀಯ’... ವಿದ್ಯಾರ್ಥಿಗಳೆಲ್ಲ ತಿರುಗಿ ನೋಡಿದರು.

“ಮೂಲ ಎಲ್ಲಿ?”

ಅದು ಅವಳ ಚೀಲದಲ್ಲೇ ಇತ್ತು. “ಹರಿದು ಹಾಕಿದೆ.”

“ಕೇಳಿದ್ರೇನ್ರೋ? ಹರಿದು ಹಾಕಿದ್ಲಂತೆ! ಬಸ್ಸು ಬರದೇ ಇದ್ರೂ ಹಾಳೆ ಮೇಲೆ ಟೈಮಿಗೆ ಸರಿಯಾಗಿ ಬರುತ್ತಲ್ಲ, ಆ ಕಸುಬು ಇಲ್ಲಿ ತೋರಿಸ್ತಿದ್ದಾಳೆ. ಇದು ಕಳ್ಳ ಪುಸ್ತಕ. ನನ್ನ ಸಹಿ ಇಲ್ಲ. ಹೊರಡು.”

“ಸರ್, ನಾಳೆ ಕೊನೇ ದಿನ. ನಂಗೆ ಇನ್ನೊಂದು ವರ್ಷ ಸಿಗಲ್ಲ...”

“ಹೊರಡು ಅಂದೆ.”

ಅವಮಾನ ನೆತ್ತಿಗೇರಿತು. ಅವಳೂ ಮಾತಿನ ಕಲ್ಲನ್ನೇ ಬೀಸಿದಳು. “ನೀವು ಮೂರು ಸಲ ಇದೇ ಸೀಟಿಗೆ ಪರೀಕ್ಷೆ ಬರೆದು, ಮೂರು ಸಲನೂ ಗಣಿತದಲ್ಲಿ ಬಿದ್ರಂತಲ್ಲ. ಗಣಿತದೋಳು ಒಳಗೆ ಹೋಗೋದನ್ನ ನೋಡೋಕಾಗ್ತಿಲ್ಲ, ಅಷ್ಟೇ ತಾನೇ?”

(ಬಿದ್ದದ್ದೇನೋ ನಿಜ. ಅದು ಪರೀಕ್ಷಕರ ಅಸೂಯೆಯಿಂದ! ಅವನ ಉತ್ತರ ಅವರ ತಲೆಗೆ ಎಟುಕಲಿಲ್ಲ.)

ಅವನು ಬೆನ್ನು ತಿರುಗಿಸಿ ಯಂತ್ರ ಓಡಿಸಿದ.

ಇನ್ನು ಶುಕ್ರವಾರದ ಕಥೆ. ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ!

ಮೂರು ಗಂಟೆಗೆ ಅವಳು ಮೂಲ ನೋಟ್‌ಬುಕ್ ಹಿಡಿದು ಬಂದಳು. ನಾಚಿಕೆಗಿಂತ ಸೀಟು ದೊಡ್ಡದೆಂದು ತೀರ್ಮಾನಿಸಿದ್ದಳು. ಅವನು ಬಾಗಿಲಲ್ಲೇ ಕಾಯುತ್ತಿದ್ದ, ಪಶ್ಚಾತ್ತಾಪದಿಂದ ಹದಿನಾಲ್ಕು ಕೆ.ಜಿ. ಇಳಿದಿದ್ದ! ಪುಟ ತಿರುವಿದ. ಹತ್ತೊಂಬತ್ತಕ್ಕೆ ಬಂದು ನಿಂತ. ಅವಳು ಕಣ್ಣು ಮುಚ್ಚಿಕೊಂಡಳು. ಅವನು ಆ ಗೆರೆಯ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ:

‘ವೀಕ್ಷಣೆ ಸರಿಯಾಗಿದೆ. ಹೊಡೆದುಹಾಕಬಾರದಿತ್ತು.’

“ಸರ್...”

“ಸರ್ ಅನ್ನಬೇಡ.”

ಅವನು ಅವಳ ಕೈ ಹಿಡಿದು ಎಂಟುನೂರು ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ. ಅರ್ಜಿ ಕೌಂಟರಿನ ಗುಮಾಸ್ತರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಡಿಯಾರ ಐದು ಹೊಡೆಯುವುದನ್ನು ಮರೆತು, ಅವರಿಬ್ಬರನ್ನೇ...

“ಏನ್ರೀ ಇದು, ಸುಳ್ಳಪ್ಪನೋರೇ?”

ಅಯ್ಯೋ. ಇದನ್ನು ಬರೆಯುತ್ತಾ ಕೂತ ನನ್ನ ಬೆನ್ನ ಹಿಂದೆ ಅವಳು ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ಓದುತ್ತಿದ್ದಳೋ!

“ಏಳು ದೇಶ, ಎರಡು ಬೆಟ್ಟ, ಹೋಗ್ಲಿ ಬಿಡಿ. ನನ್ನ ಮನಸ್ಸಲ್ಲಿದ್ದಿದ್ದನ್ನ ನಾನು ಯಾರಿಗೂ ಹೇಳಿರಲಿಲ್ಲ, ಆದ್ರೂ ಹೆಚ್ಚುಕಡಿಮೆ ಸರಿಯಾಗೇ ಬರೆದಿದ್ದೀರ. ನಿಮ್ಮದನ್ನೇ ಸುಳ್ಳು ಬರೆದಿರೋದು. ಆ ಶುಕ್ರವಾರ ನೀವು ಬಾಗಿಲು ತೆಗೆದ್ರಾ?”

ಸಿಕ್ಕಿಬಿದ್ದೆ.

ತೆಗೆಯಲಿಲ್ಲ. ಆ ಗರಗಸ ನಾನೇ. ಎತ್ತರ ಐದಡಿ ನಾಲ್ಕಂಗುಲ. ಅವಳು ಬರುವುದನ್ನು ಕಿಟಕಿಯಿಂದ ನೋಡಿ ಚಿಲಕ ಹಾಕಿದೆ. ಬಡಿಯುವ ಸದ್ದು ಕೇಳಬಾರದೆಂದು ಕಲ್ಲೇ ಇಲ್ಲದ ಯಂತ್ರವನ್ನು ಎರಡು ಗಂಟೆ ಓಡಿಸಿದೆ. ಆದರೂ ಕೇಳಿಸಿತು. ಕೊನೆಗೆ ಬಾಗಿಲ ಸಂದಿನಿಂದ ನೋಟ್‌ಬುಕ್ ಒಳಗೆ ಬಂತು. ನಾನು ಅದನ್ನು ಎತ್ತಿಕೊಂಡದ್ದು ಐದೂವರೆಗೆ. ಹತ್ತೊಂಬತ್ತನೇ ಪುಟ ಓದಿ, ಒದ್ದೆ ನೆಲದ ಮೇಲೆ ಹಾಗೇ ಕುಳಿತೆ.

ಸೋಮವಾರ ಅವಳು ವರ್ಗದ ಕಾಗದಕ್ಕೆ ಸಹಿ ಹಾಕಿದಳು. ಅವಳಿದ್ದ ಡಿಪೋಗೆ ಹೋಗುವ ಬಸ್ಸನ್ನು ಮೂರು ಸಲ ಹತ್ತಿದೆ. ಮೂರು ಸಲವೂ ಅರ್ಧ ದಾರಿಯಲ್ಲಿ ಇಳಿದೆ. ಅವಳು ಅಣ್ಣನ ಮಾತು ಮೀರಿ, ಬೇರೊಬ್ಬ ಫೀಲ್ಡ್ ಸಹಾಯಕರ ಕೈಕೆಳಗೆ ಮತ್ತೆ ಮೂವತ್ತು ದಿನ ಬೆಂದು, ಮರುವರ್ಷ ಇಲ್ಲೇ ಸೀಟು ಪಡೆದಳು. ನಾಲ್ಕು ತಿಂಗಳಿಂದ ಈ ಕೋಣೆಗೆ ಬರುತ್ತಾಳೆ. “ಇದನ್ನ ತೆಳ್ಳಗೆ ಕುಯ್ದು ಕೊಡಿ” ಎನ್ನುತ್ತಾಳೆ. ಬೇರೆ ಮಾತಿಲ್ಲ. ಇವತ್ತು ಮೊದಲ ಸಲ ಕಲ್ಲಿನದಲ್ಲದ ಮಾತಾಡಿದ್ದಾಳೆ.

“ಯಾಕೆ ತೆಗೀಲಿಲ್ಲ?”

“ನಿಯಮ ಅಂದ್ರೆ ನಿಯಮ...”

“ಸುಳ್ಳು.”

“ನಿನ್ನ ಮಾತಿಗೆ ಸಿಟ್ಟು ಬಂದಿತ್ತು.”

“ಅದು ಅರ್ಧ.”

“ನನಗೆ ಸಿಗದ ಸೀಟು ನಿನಗೂ ಸಿಗಬಾರದು ಅನ್ನಿಸ್ತು. ನೀನಂದ್ರೆ ಇಷ್ಟ ಇತ್ತು, ಆ ಜೇಡಿಗಲ್ಲಿನ ದಿನದಿಂದ. ಹೊಟ್ಟೆಕಿಚ್ಚೂ ಇತ್ತು. ಆವತ್ತು ಹೊಟ್ಟೆಕಿಚ್ಚು ಗೆದ್ದಿತು.”

“ನನ್ನ ಒಂದು ವರ್ಷ ತಿಂದ್ರಿ ನೀವು.”

“ಹೂಂ.”

“ಯಾರೂ ಗೊತ್ತಿಲ್ಲದ ಊರು. ಊಟ ಮಾಡ್ತಾ ಮಾಡ್ತಾ ಅಳು ಬರ್ತಿತ್ತು.”

“ಗೊತ್ತು.”

“ಗೊತ್ತಿಲ್ಲ ನಿಮಗೆ!”

“...ಗೊತ್ತಿಲ್ಲ.”

ಅವಳು ಕಣ್ಣೊರೆಸಿಕೊಂಡಳು. “ಈಗ? ಈಗಲೂ ಇಷ್ಟ ಇದೆಯಾ?”

“ಇದೆ. ಹೊಟ್ಟೆಕಿಚ್ಚೂ ಇದೆ.”

ಅವಳ ತುಟಿಯ ಒಂದು ಕೊನೆ ಮಾತ್ರ ಅಲುಗಿತು. “ಇದೊಂದು ನಿಜ ಹೇಳಿದ್ರಿ. ಪ್ರವೇಶ ಪರೀಕ್ಷೆಗೆ ಇನ್ನೆಷ್ಟು ತಿಂಗಳಿದೆ?”

“ಐದು. ನಾನು ಮತ್ತೆ ಬರೆಯಲ್ಲ.”

“ಬರೀತೀರ. ಗಣಿತ ನಾನು ಹೇಳ್ಕೊಡ್ತೀನಿ. ಒಂದು ಚೂರೂ ಕರುಣೆ ತೋರಿಸಲ್ಲ.”

“ತೋರಿಸಬೇಡ.”

“ನನ್ನ ಸಿಟ್ಟು ಇನ್ನೂ ಹೋಗಿಲ್ಲ, ತಿಳ್ಕೊಳ್ಳಿ.”

“ಹೋಗೋವರೆಗಾದ್ರೂ ಇರ್ತೀಯಾ?”

“ಬೇಗ ಹೋಗೋ ಸಿಟ್ಟಲ್ಲ ಇದು,” ಎನ್ನುತ್ತಾ ಅವಳು ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.