ಏಳನೆಯ ಕಟ್ಟು

ಆ ಠರಾವಿನಲ್ಲಿ ಬಾಯಿ ಮಾತ್ರ ತನ್ನದು, ಮಾತು ತನ್ನದಲ್ಲ ಎಂದು ಸದಸ್ಯ ಹನ್ನೆರಡು ವರ್ಷಗಳಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಪುರಸಭೆಗೆ ಮೊದಲ ಸಲ ಗೆದ್ದು ಬಂದ ತಿಂಗಳದು. ಆಗಿನ ಅಧ್ಯಕ್ಷರು ಹೆಗಲ ಮೇಲೆ ಕೈಯಿಟ್ಟು, "ಸಭೇಲಿ ಹೊಸಬರ ದನಿ ಕೇಳ್ಬೇಕಪ್ಪ, ಇದನ್ನ ನೀನೇ ಮಂಡಿಸು" ಎಂದಿದ್ದರು. ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಕಾಲುವೆಯ ಮೇಲಿನ ಕಾಲುಸೇತುವೆಯ ದುರಸ್ತಿ ಸದ್ಯಕ್ಕೆ ಬೇಡ, ಮೊದಲು ಪುರಸಭೆಯ ಮುಂಭಾಗ ಹೊಸದಾಗಲಿ ಎಂದ. ಎಲ್ಲರೂ ಮೇಜು ಕುಟ್ಟಿದರು. ಆ ಸದ್ದು ಎಷ್ಟೋ ದಿನ ಅವನ ಕಿವಿಯಲ್ಲಿ ಸಿಹಿಯಾಗಿ ಉಳಿದಿತ್ತು. ಮುಂಭಾಗ ಚೆನ್ನಾಗಿಯೇ ಬಂತು. ಸೇತುವೆ ಹನ್ನೆರಡು ವರ್ಷ ತಾಳಿಕೊಂಡಿದ್ದು, ಎರಡು ತಿಂಗಳ ಹಿಂದೆ, ಬೆಳಗಿನ ಒಂಬತ್ತಕ್ಕೆ, ಜನ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಕುಸಿಯಿತು. ನಾಲ್ವರು ಸತ್ತರು. ನಾಲ್ಕನೆಯವನು ಅವನ ಭಾವ, ಒಬ್ಬಳೇ ಅಕ್ಕನ ಗಂಡ.

ಅಂದು ಅವನು ಎದೆಮಟ್ಟದ ನೀರಿಗೆ ಇಳಿದಿದ್ದ. ಅದು ನಾಟಕವಾಗಿರಲಿಲ್ಲ. ಭಾವನನ್ನು ಹೊತ್ತು ದಡಕ್ಕೆ ತಂದಾಗ ಯಾರೋ ಫೋಟೊ ತೆಗೆದಿದ್ದರು, ಅಷ್ಟೇ. ಆ ಫೋಟೊದಿಂದ ಊರು ಅವನನ್ನು ಬೇರೆ ಕಣ್ಣಿನಿಂದ ನೋಡತೊಡಗಿತು. ಈ ಸಲ ಅಧ್ಯಕ್ಷ ಸ್ಥಾನಕ್ಕೆ ಇವನೇ, ಪುಸ್ತಕ ಕಟ್ಟುವ ಬೈಂಡರ್ ಮಗನೇ ಎಂದು ಟೀ ಅಂಗಡಿಗಳಲ್ಲಿ ಮಾತಾಯಿತು. ದುರಸ್ತಿ ತಡೆದವರು ಯಾರು ಎಂಬ ಪ್ರಶ್ನೆಗೂ ಊರು ತಾನೇ ಉತ್ತರ ಕೊಟ್ಟುಕೊಂಡಿತು: ಇನ್ಯಾರು, ಹಳೆಯ ಅಧ್ಯಕ್ಷರು. ಅವರೋ ಪಾರ್ಶ್ವವಾಯು ಬಡಿದು, ಮಾತು ಬಿದ್ದುಹೋಗಿ, ಮಗಳ ಮನೆಯ ಕಿಟಕಿಯ ಪಕ್ಕ ಮಲಗಿದ್ದರು. ಕೇಳಿದರೆ ಕಣ್ಣು ಮಿಟುಕಿಸುತ್ತಿದ್ದರು. ಅದನ್ನು ಹೌದು ಅಂತಲೂ ಓದಬಹುದು, ಅಲ್ಲ ಅಂತಲೂ ಓದಬಹುದು.

ಓದಲು ಎರಡು ದಾರಿಯಿಲ್ಲದ್ದು ಒಂದೇ: ಆ ವರ್ಷದ ನಡಾವಳಿ ಪುಸ್ತಕ. ಸಭೆಯಲ್ಲಿ ಯಾರು ಏನು ಮಂಡಿಸಿದರು ಎಂಬುದನ್ನು ಗುಮಾಸ್ತ ಅದರಲ್ಲಿ ಹೆಸರು ಹಿಡಿದು ಬರೆದಿಟ್ಟಿದ್ದ. ತನಿಖೆಗೆಂದು ಜಿಲ್ಲಾ ಕೇಂದ್ರದಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಬರಲು ಇನ್ನೂ ಐದು ವಾರವಿತ್ತು.

ಐದು ವಾರ ಸಾಕು ಎಂದು ಸದಸ್ಯ ಲೆಕ್ಕ ಹಾಕಿದ. ಬೇರೆಯವರಾಗಿದ್ದರೆ ಪುಸ್ತಕ ಸುಡುತ್ತಿದ್ದರು, ಇಲ್ಲ ಹಾಳೆ ಹರಿಯುತ್ತಿದ್ದರು. ಹರಿದ ಹಾಳೆ ಇರುವ ಹಾಳೆಗಿಂತ ಜೋರಾಗಿ ಕೂಗುತ್ತದೆ. ಅವನು ಹುಟ್ಟಿ ಬೆಳೆದದ್ದೇ ಪುಸ್ತಕ ಕಟ್ಟುವ ಅಂಗಡಿಯಲ್ಲಿ. ಅಮ್ಮ ಅವನಿಗೆ ನೆನಪಿಲ್ಲ. ಒಂದೇ ಕೋಣೆ, ಅದರ ತುಂಬ ಅಂಟಿನ ವಾಸನೆ, ಮಲಗಲು ರಟ್ಟಿನ ಹಾಳೆಗಳು. ಅಪ್ಪ ಹೊಲಿಯುತ್ತ ಕೂತರೆ ಅವನು ಕಟ್ಟಲು ಬಂದ ನಡಾವಳಿಗಳನ್ನೇ ಗಟ್ಟಿಯಾಗಿ ಓದುತ್ತಿದ್ದ. ಭಾಷಣ ಕಲಿತದ್ದು ಹಾಗೆ. 'ಮಾನ್ಯ ಅಧ್ಯಕ್ಷರೇ' ಎಂಬ ಮಾತು ಅವನ ಬಾಯಿಗೆ ಬಂದದ್ದು ಎಂಟನೆಯ ವಯಸ್ಸಿಗೆ. ಇದೆಲ್ಲ ಅವನ ಚುನಾವಣೆಯ ಕರಪತ್ರದಲ್ಲಿತ್ತು. ಒಂದು ಸಾಲನ್ನಂತೂ ಅವನು ದಪ್ಪಕ್ಷರದಲ್ಲಿ ಹಾಕಿಸಿದ್ದ: 'ತಂದೆ ಕಡೆಯ ದಿನದವರೆಗೂ ಸೂಜಿ ಬಿಡಲಿಲ್ಲ, ಅವರ ಗಂಟನ್ನು ನನಗೊಬ್ಬನಿಗೇ ಕಲಿಸಿದರು.'

ಆ ಗಂಟು ಅಪ್ಪನ ಹೆಮ್ಮೆ. ಬೇರೆ ಬೈಂಡರುಗಳು ಇಡೀ ಪುಸ್ತಕವನ್ನು ಒಂದೇ ದಾರದಲ್ಲಿ ಹೊಲಿದು ಮುಗಿಸುತ್ತಾರೆ. ಅಪ್ಪ ಹಾಳೆಗಳ ಒಂದೊಂದು ಕಟ್ಟನ್ನೂ ಬೇರೆಬೇರೆಯಾಗಿ ಹೊಲಿದು, ಮಡಿಕೆಯ ಒಳಗೇ ಗಂಟು ಹಾಕುತ್ತಿದ್ದ. ಒಂದು ಕಟ್ಟು ಸಡಿಲವಾದರೂ ಉಳಿದವು ನಿಲ್ಲಬೇಕು ಎಂಬುದು ಅವನ ವಾದ. ಆ ವರ್ಷದ ನಡಾವಳಿಯೂ ಅಪ್ಪನ ಅಂಗಡಿಯಲ್ಲೇ ಕಟ್ಟಿದ್ದು. ಅಂದರೆ ಒಂದು ಕಟ್ಟನ್ನು ಬಿಚ್ಚಿ, ಉಳಿದವನ್ನು ಮುಟ್ಟದೆ, ಮತ್ತೆ ಕಟ್ಟಬಹುದು. ಊರಿನಲ್ಲಿ ಈ ಉಪಾಯ ಹೊಳೆಯಬಹುದಾದ ಎರಡನೆಯ ತಲೆ ಇರಲಿಲ್ಲ.

ಮೊದಲು ಅವನು ಹುಳು ತಿಂದ ಹಳೆಯ ಪುಸ್ತಕಗಳನ್ನು ತಾನೇ ಕೈಯಾರೆ ದುರಸ್ತಿ ಮಾಡುತ್ತೇನೆಂದು ಸಭೆಯಲ್ಲಿ ಘೋಷಿಸಿದ. ಒಂಬತ್ತು ಪುಸ್ತಕಗಳ ಪಟ್ಟಿಯಾಯಿತು. ಬೇಕಾದ ಪುಸ್ತಕವನ್ನು ಅವನು ಬೇಕೆಂದೇ ಪಟ್ಟಿಗೆ ಸೇರಿಸಲಿಲ್ಲ. ಅದು ಗಟ್ಟಿಮುಟ್ಟಾಗಿತ್ತು, ಯಾರೂ ಮುಟ್ಟದ ಪುಸ್ತಕವಾಗಿಯೇ ಅದು ತನಿಖೆಗೆ ಹೋಗಬೇಕಿತ್ತು. ದಿನವೂ ಹಗಲು ಎರಡು ಗಂಟೆ ಅವನು ಕಾಗದಪತ್ರದ ಕೋಣೆಯಲ್ಲಿ ತೋಳು ಮಡಿಚಿ ಕೂತ. ಪತ್ರಿಕೆಯವರು ಬಂದು ಬರೆದುಕೊಂಡು ಹೋದರು.

ಹಳೆಯ ಕಾಗದಕ್ಕಾಗಿ ಅಂಗಡಿಗೆ ಹೋದ. ಅಕ್ಕ ಅಲ್ಲೇ ವಾಸ, ಅಲ್ಲೇ ಕೆಲಸ. ಈಗ ಬರುವುದೆಲ್ಲ ಶಾಲೆಯ ಹಾಜರಿ ಪುಸ್ತಕ, ಪ್ರಬಂಧಗಳ ಪ್ರತಿ. ಬಾಗಿಲ ಹಿಂದೆ ಭಾವನ ಕೊಡೆ ಇನ್ನೂ ನೇತಾಡುತ್ತಿತ್ತು.

"ಏನು ಸಾಹೇಬ್ರು ದಾರಿ ತಪ್ಪಿ ಬಂದ್ರಾ?" ಎಂದಳು ಅಕ್ಕ, ರಟ್ಟಿನಿಂದ ತಲೆ ಎತ್ತದೆ.

"ಅಪ್ಪ ಮಿಕ್ಕಿದ ಹಾಳೆ ಎತ್ತಿಡ್ತಿದ್ನಲ್ಲ, ಆ ಪೆಟ್ಟಿಗೆ ಇದೆಯಾ ಅಕ್ಕ? ತೇಪೆಗೆ ಅದೇ ಕಾಗದ ಬೇಕು."

"ಅಟ್ಟದ ಮೇಲಿದೆ, ತಗೋ. ಹೊಟ್ಟೆ ಬೇರೆ ಬಂದಿದೆ ನಿಂಗೆ, ಏಣಿ ತಡೆದ್ರೆ ಪುಣ್ಯ." ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಬಟ್ಟೆಯ ಅಂಚು ಕತ್ತರಿಸಿದಳು. ಆಮೇಲೆ ದನಿ ಇಳಿಸಿ ಕೇಳಿದಳು, "ಪುಟ್ಟ, ಸೇತುವೆ ಬೇಡ ಅಂದೋರು ಯಾರು ಅಂತ ಪುಸ್ತಕದಲ್ಲಿ ಸಿಗುತ್ತೇನೋ?"

"ಸಿಗುತ್ತೆ."

"ಸಿಕ್ರೆ ಸಾಕು ಕಣೋ. ಅವರನ್ನ ಜೈಲಿಗೆ ಹಾಕಿ ಅಂತ ನಾನೇನೂ ಕೇಳಲ್ಲ. ಯಾರು ಅಂತ ಗೊತ್ತಾಗ್ಬೇಕು, ಅಷ್ಟೇ. ರಾತ್ರಿ ಮನಸ್ಸಲ್ಲೇ ಬೈಯೋಕೂ ಒಂದು ಮುಖ ಬೇಡ್ವಾ?"

ಅವನು ಏಣಿ ಹತ್ತಿದ. ಅಟ್ಟದ ಧೂಳಿನಲ್ಲಿ ಮೊಣಕಾಲೂರಿ ಕೂತಾಗ ಕಣ್ಣು ಒದ್ದೆಯಾದದ್ದು ನಿಜ. ಆದರೆ ಅಲ್ಲಿಯೂ ಅವನ ತಲೆ ಕೆಲಸ ನಿಲ್ಲಿಸಲಿಲ್ಲ. ಅಕ್ಕನಿಗೆ ಒಂದು ಮುಖ ಬೇಕು, ಆ ಮುಖ ಕಿಟಕಿಯ ಪಕ್ಕ ಮಲಗಿದೆ. ಅದಕ್ಕೆ ಇನ್ನು ನೋಯುವುದಿಲ್ಲ. ತಮ್ಮನ ಮುಖವಾದರೆ ಅಕ್ಕ ಉಳಿಯುವುದಿಲ್ಲ. ಹಾಗೆ ನೋಡಿದರೆ ಇದು ಅವಳಿಗಾಗಿಯೇ ಮಾಡುವ ಕೆಲಸ ಎಂದು ಇಳಿಯುವ ಹೊತ್ತಿಗೆ ಅವನಿಗೆ ಬಹುಮಟ್ಟಿಗೆ ನಂಬಿಕೆ ಬಂದಿತ್ತು.

ಉಳಿದದ್ದು ಕೈಕೆಲಸ. ಸಹಿಗಳಿದ್ದದ್ದು ಠರಾವಿನ ಕಡೆಯ ಪುಟದಲ್ಲಿ. ಅದನ್ನು ಮುಟ್ಟುವ ಅಗತ್ಯವಿರಲಿಲ್ಲ. ಹೆಸರುಗಳಿದ್ದ ನಡುವಿನ ಎಲೆಯೊಂದು ಬದಲಾದರೆ ಸಾಕು. ಒಂದು ಹಾಳೆ ಮಡಿಸಿದರೆ ಎರಡು ಎಲೆ. ಹಾಗಾಗಿ ಜೊತೆಯ ಎಲೆಯಲ್ಲಿದ್ದ ಬೀದಿದೀಪ, ಚರಂಡಿ, ನಾಯಿಗಳ ಪರವಾನಗಿಯ ಚರ್ಚೆಯನ್ನೂ ಅವನು ಅಕ್ಷರ ಬಿಡದೆ ನಕಲು ಮಾಡಿದ. ಗುಮಾಸ್ತ ಸತ್ತಿದ್ದ. ಅವನಿಗೂ ಇವನಿಗೂ ಅಕ್ಷರ ತಿದ್ದಿಸಿದ್ದು ಒಬ್ಬರೇ ಮೇಷ್ಟ್ರು. ಆ ಶಾಲೆಯಲ್ಲಿ ಓದಿದವರ ಬರವಣಿಗೆಯೆಲ್ಲ ಒಂದೇ ಅಚ್ಚಿನದು. ಹೊಸ ಪುಟದಲ್ಲಿ ಯುವ ಸದಸ್ಯನೊಬ್ಬ ಸೇತುವೆ ಇಂದೋ ನಾಳೆಯೋ ಬೀಳುತ್ತದೆ ಎಂದು ಎಚ್ಚರಿಸಿದ್ದ, ಅಧ್ಯಕ್ಷರು ನಕ್ಕು ಮುಂದೂಡಿದ್ದರು. ಆ ಎಚ್ಚರಿಕೆ ಬರೆಯುವಾಗ ಅವನಿಗೆ ಒಂದು ಕ್ಷಣ, ಅಂದು ತಾನು ಹೀಗೆಯೇ ಹೇಳಿದ್ದೆ ಎನಿಸಿತು. ಶಾಯಿ ಮಾಗಲೆಂದು ಹಾಳೆಯನ್ನು ನಾಲ್ಕು ಮಧ್ಯಾಹ್ನ ತಾರಸಿಯ ಬಿಸಿಲಿಗೆ ಇಟ್ಟ. ಪುಟಸಂಖ್ಯೆಯ ಮೊಹರು ಕಾಗದಪತ್ರದ ಕೋಣೆಯ ಖಾನೆಯಲ್ಲೇ ಸಿಕ್ಕಿತು.

ಕಾಗದಪತ್ರ ಕಾಯುವವನಿಗೆ ಮಂಡಿ ನೋವು. ಟೀಗೆ ಹೋದರೆ ಮೆಟ್ಟಿಲು ಇಳಿದು ಹತ್ತಲು ಇಪ್ಪತ್ತು ನಿಮಿಷ. "ನಿಮ್ಮನ್ನ ನಂಬಿ ಬೀಗ ಹಾಕ್ದೆ ಹೋಗ್ತಿದೀನಿ, ಪುಸ್ತಕ ಎತ್ಕೊಂಡು ಓಡ್ಬೇಡಿ ಮತ್ತೆ" ಎಂದು ನಕ್ಕು ಹೋದ. ಸದಸ್ಯ ಕಪಾಟಿನಿಂದ ಪುಸ್ತಕ ಇಳಿಸಿ, ಆ ಠರಾವಿದ್ದ ಏಳನೆಯ ಕಟ್ಟಿನ ನಡುವಿಗೆ ತೆರೆದ. ಮಡಿಕೆಯಲ್ಲಿ ಗಂಟು ಕಂಡಿತು. ಅವನ ಕೈ ತಡೆಯಿತು. ದಾರದ ಬಾಲ ಬಲಕ್ಕೆ ಬೀಳಬೇಕಿತ್ತು, ಎಡಕ್ಕೆ ಬಿದ್ದಿತ್ತು. ಪಾಪ, ಅಪ್ಪನಿಗೆ ಆ ಹೊತ್ತಿಗೆ ವಯಸ್ಸಾಗಿತ್ತು, ಎಲ್ಲೋ ಕೈ ತಪ್ಪಿರಬೇಕು ಎಂದುಕೊಂಡ. ಸತ್ತ ಅಪ್ಪನ ಮೇಲೆ ಪ್ರೀತಿ ಉಕ್ಕಿತು. ದಾರ ಕತ್ತರಿಸಿ, ಹಾಳೆ ಬದಲಿಸಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿದ. ಗಂಟು ಹಾಕುವಾಗ ಅಪ್ಪನ ತಪ್ಪನ್ನು ತಿದ್ದಿ, ಬಾಲವನ್ನು ಬಲಕ್ಕೆ ಮಲಗಿಸಿ, ಉಗುರಿನಿಂದ ಒತ್ತಿದ. ಹದಿನಾರು ನಿಮಿಷ. ತೆಗೆದ ಹಾಳೆಯನ್ನು ಮನೆಯ ಒಲೆಗೆ ಹಾಕಿದ.

ತನಿಖೆಯ ಅಧಿಕಾರಿ ಸಣ್ಣ ದನಿಯ, ಅವಸರವಿಲ್ಲದ ಮನುಷ್ಯ. ಪುಸ್ತಕ ಓದಿ, ಹಾಳೆ ಬದಲಾಗಿಲ್ಲ ಎಂದು ಬೈಂಡಿಂಗ್ ಬಲ್ಲವರು ಯಾರಾದರೂ ಬರೆದುಕೊಡಬೇಕು ಎಂದರು. ಸದಸ್ಯ ಇದಕ್ಕೂ ಸಿದ್ಧನಾಗಿದ್ದ. "ನಾನು ಹೇಳಿದ್ರೆ ಸರಿಹೋಗಲ್ಲ ಸಾರ್. ನಮ್ಮಕ್ಕನ್ನ ಕೇಳಿ. ಊರಲ್ಲಿ ಇನ್ನೊಬ್ರಿಲ್ಲ. ಗಂಡನ್ನ ಕಳ್ಕೊಂಡೋಳು, ಅವಳ ಮಾತನ್ನ ಯಾರೂ ಅನುಮಾನಿಸಲ್ಲ." ಅಪ್ಪ ಅಕ್ಕನಿಗೆ ಅಂಟು ಹಚ್ಚುವ ಕೆಲಸ ಮಾತ್ರ ಬಿಟ್ಟಿದ್ದ, ಸೂಜಿ ಕೊಟ್ಟಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಅಪ್ಪನ ಗಂಟನ್ನು ಅವಳು ಜೀವಮಾನವಿಡೀ ನೋಡಿದ್ದಳು, ಕಂಡರೆ ಗುರುತಿಸದೆ ಇರುವುದಿಲ್ಲ.

ಅಕ್ಕ ಬಂದಳು. ಮೊದಲು ಪುಟ ಓದಿಸಿಕೊಂಡಳು. "ಹಾಗಾದ್ರೆ ಅವ್ರೇನಾ," ಎಂದು ತಮ್ಮನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಆಮೇಲೆ ಕನ್ನಡಕ ಹಾಕಿಕೊಂಡು ಏಳನೆಯ ಕಟ್ಟನ್ನು ತೆರೆದು, ಮಡಿಕೆಯೊಳಗೆ ಬೆರಳಾಡಿಸಿದಳು.

"ಇದು ಅಪ್ಪನ ಗಂಟು," ಎಂದಳು.

ಸದಸ್ಯ ಉಸಿರು ಬಿಟ್ಟ. "ಹಾಗಾದ್ರೆ ಸರಿಯಿದೆ ಅಂತ ಬರ್ಕೊಳ್ಲಾ ಅಮ್ಮ?" ಎಂದರು ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆಯುತ್ತ.

"ತಾಳಿ," ಎಂದಳು ಅಕ್ಕ. ಆರನೆಯ ಕಟ್ಟನ್ನು ತೆರೆದಳು. ಎಂಟನೆಯದನ್ನು ತೆರೆದಳು. ಮತ್ತೆ ಏಳಕ್ಕೆ ಬಂದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ಮುಚ್ಚಿಕೊಂಡಿತು. ಗೋಡೆಗೆ ಅಂಟಿಸಿದ್ದ ಚುನಾವಣೆಯ ಕರಪತ್ರದ ದಪ್ಪಕ್ಷರದ ಸಾಲನ್ನೊಮ್ಮೆ ನೋಡಿದಳು, ತಮ್ಮನನ್ನು ನೋಡಲಿಲ್ಲ.

"ಆ ವರ್ಷ ಅಪ್ಪನ ಕೈ ನಡುಗಿ ಲೋಟವೇ ನಿಲ್ತಿರಲಿಲ್ಲ ಸಾರ್, ಸೂಜಿ ಎಲ್ಲಿಂದ ಹಿಡೀತಾನೆ?" ಎಂದಳು ಅವಳು. "ಗೊತ್ತಾದ್ರೆ ಪುರಸಭೆ ಕೆಲಸ ಕೈತಪ್ಪುತ್ತೆ ಅಂತ ಯಾರಿಗೂ ಹೇಳಿರಲಿಲ್ಲ. ಈ ಸದಸ್ಯರಿಗೂ ಹೇಳಿಲ್ಲ, ಅವರು ಆಗ ಮನೆ ಕಡೆ ಬರ್ತಾನೂ ಇರಲಿಲ್ಲ. ಈ ಪುಸ್ತಕ ಪೂರ್ತಿ ಹೊಲಿದೋಳು ನಾನು. ಅಪ್ಪ ಕಲಿಸ್ಲಿಲ್ಲ, ನೋಡಿ ಕಲಿತೆ. ನಾನು ಎಡಚಿ, ನನ್ನ ದಾರದ ಬಾಲ ಎಡಕ್ಕೆ ಬೀಳುತ್ತೆ. ನೋಡಿ, ಆರನೇದು ಎಡಕ್ಕೆ. ಎಂಟನೇದು ಎಡಕ್ಕೆ. ಇದೊಂದೇ ಬಲಕ್ಕೆ."