ಫರ್ನೇಸ್ ತಣ್ಣಗಾದ ಮೇಲೆ

"ನೀವು ಈ ಫ್ಯಾಕ್ಟರಿಗೆ ಸೇರಿದ್ದು ಯಾವ ವರ್ಷ?"

"ಹಳೆ ಫರ್ನೇಸ್ ಇದ್ದಾಗ, ಮೇಡಂ."

"ವರ್ಷ ಕೇಳ್ದೆ."

"ವರ್ಷ ಆಫೀಸ್‌ನವರಿಗೆ ಬೇಕು. ನಮಗೆ ಫರ್ನೇಸ್ ಸಾಕು."

ಕೃಪಾ ಸಿಡುಕಿನಿಂದ ತಲೆಯೆತ್ತಿದಳು. ಎದುರಿಗಿದ್ದ ನಂದೀಶ್ ನಗುತ್ತಿದ್ದ. ಅವಳ ಕೋಪ ಎಲ್ಲಿಗೋ ಹೋಯಿತು...

ಪೀಣ್ಯದ ಆ ಎರಕದ ಕಾರ್ಖಾನೆಯ ಚರಿತ್ರೆ ಬರೆಯಲು ಬಂದಿದ್ದವಳು ಅವಳು. ಕಬ್ಬಿಣ ಕರಗಿಸುವ ಫರ್ನೇಸ್ ನೋಡಿಕೊಳ್ಳುತ್ತಿದ್ದವನು ಅವನು.

ಸಂಸ್ಥೆಗಳ ಚರಿತ್ರೆ ಬರೆಯುವ ವಿದ್ವಾಂಸರಲ್ಲಿ ಕಾಲದ ಬಗ್ಗೆಯೇ ವಾದಗಳಿವೆ. ಕ್ಯಾಲೆಂಡರಿನ ಕಾಲ ಎಲ್ಲರಿಗೂ ಒಂದೇ ಅಳತೆಯಲ್ಲಿ ಹರಿಯುತ್ತದೆ ಎನ್ನುತ್ತಾರೆ ಕೆಲವರು. ಇಲ್ಲ, ಜನ ತಮಗೆ ಮುಖ್ಯವಾದ ಘಟನೆಗಳಿಂದ ತಮ್ಮ ಕಾಲವನ್ನು ತಾವೇ ಕಟ್ಟಿಕೊಳ್ಳುತ್ತಾರೆ ಎನ್ನುತ್ತಾರೆ ಇನ್ನು ಕೆಲವರು. ಕೃಪಾ ಈ ಎರಡನೆಯವರ ಕಡೆ. ಆದರೆ ಪುಸ್ತಕದಲ್ಲಿ ಓದಿದ ಮಾತು ಹೀಗೆ ಎದುರು ನಿಂತು ನಗುತ್ತದೆಂದು ಅವಳು ಎಣಿಸಿರಲಿಲ್ಲ.

ಅಂದಿನಿಂದ ಅವಳ ಕುರ್ಚಿ ಬಿಸಿ ತಾಕದ ಮೂಲೆಯಲ್ಲಿರುತ್ತಿತ್ತು. ಫ್ಯಾನು ಅವಳತ್ತ ತಿರುಗಿರುತ್ತಿತ್ತು. ಯಾರು ತಿರುಗಿಸಿದ್ದೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಪ್ರೀತಿಯೂ ಹಾಗೆಯೇ ಬೆಳೆಯಿತು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ತಟ್ಟೆಯನ್ನು ಬದಿಗೆ ಸರಿಸಿದಳು.

"ಭಾನುವಾರ ಸಂಜೆ ನನ್ನ ನೋಡೋಕೆ ಬರ್ತಿದಾರೆ. ಅಪ್ಪಂಗೆ ಹುಡುಗ ಇಷ್ಟ ಆಗ್ಬಿಟ್ಟಿದಾನೆ. ನೀವು ಯಾವತ್ತು ಬಂದು ಮಾತಾಡ್ತೀರಾ, ನಂದೀಶ್?"

ಅವನು ಯೋಚಿಸಿ ಹೇಳಿದ. "ಫರ್ನೇಸ್ ತಣ್ಣಗಾದ ತಕ್ಷಣ ಬರ್ತೀನಿ."

ಹಗಲೂ ರಾತ್ರಿ ಉರಿಯುವ ಫರ್ನೇಸ್! ಅದು ತಣ್ಣಗಾಗಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಬರಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಬಾರದಿತ್ತೇ... ಊಟ ಬಿಟ್ಟು ಎದ್ದಳು. ಆಮೇಲೆ ಅವನ ಫೋನನ್ನೂ ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮಾದನಾಯಕನಹಳ್ಳಿಯ ತಮ್ಮ ಮನೆಯ ಬಾಗಿಲು ತೆರೆದರೆ ನಂದೀಶ್ ನಿಂತಿದ್ದ. ಕಿವಿಯ ಹಿಂದೆ ಮಸಿ. ಪಕ್ಕದಲ್ಲಿ ಹೂವು ಹಣ್ಣು ಹಿಡಿದ ತಾಯಿ ಅಂಜಿನಮ್ಮ.

"ತಣ್ಣಗಾಯ್ತು," ಎಂದ.

"ಏನು?"

"ಫರ್ನೇಸ್. ಒಳಗೆ ಶಾಖ ತಡೆಯೋ ಲೈನಿಂಗ್ ಸವೆದಿತ್ತು. ಹೊಸದು ಹಾಕೋಕೆ ಶುಕ್ರವಾರ ನಿಲ್ಸಿದ್ವಿ. ಪೂರ್ತಿ ಆರೋವರೆಗೂ ಬಿಟ್ಟು ಬರೋ ಹಾಗಿಲ್ಲ."

"ಭಾನುವಾರ ಬರ್ತೀನಿ ಅಂದಿದ್ರೆ ಸಾಕಿತ್ತಲ್ಲ..."

"ತಾರೀಖು ತಪ್ಪಬಹುದು, ಮೇಡಂ. ನಿಲ್ಸಿದ ಫರ್ನೇಸ್ ತಣ್ಣಗಾಗೋದು ತಪ್ಪೋದಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕಾಲದ ಬಗ್ಗೆ ಪುಟಗಟ್ಟಲೆ ಓದಿದ ಮಾತು ತನ್ನ ಬಾಳಿಗೇ ಬಂದಾಗ ಗುರುತು ಸಿಗಲಿಲ್ಲವಲ್ಲ...

"ಬಟ್ಟೆನಾದ್ರೂ ಬದಲಾಯ್ಸೋ ಅಂದ್ರೆ ಕೇಳ್ಲಿಲ್ಲ ಕಣಣ್ಣ, ಇಂಗೇ ಎಳ್ಕೊಂಬಂದ," ಎಂದರು ಅಂಜಿನಮ್ಮ, ಒಳಗಿನಿಂದ ಬಂದ ಕೃಪಾಳ ತಂದೆ ಲಕ್ಷ್ಮಯ್ಯನವರಿಗೆ.

ಲಕ್ಷ್ಮಯ್ಯ ಹೂವು ಹಣ್ಣು ನೋಡಿದರು, ಮಗಳ ಮುಖ ನೋಡಿದರು; ಅವಳ ಮನಸ್ಸು ಯಾರ ಕಡೆಯೆಂದು ತಿಳಿಯಿತು. ಸಂಜೆ ಬರಬೇಕಿದ್ದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಬಳಿಕ ನಂದೀಶನ ಕೈಗೆ ಒಗೆದ ಟವೆಲ್ ಕೊಟ್ಟು, "ಮೊದ್ಲು ಮುಖ ತೊಳ್ಕೊಳ್ಳಪ್ಪ, ಕಾಫಿ ಕುಡಿಯೋಣ," ಎಂದರು.

ಕಾಫಿ ಲೋಟ ತೆಗೆದುಕೊಳ್ಳುವಾಗ ನಂದೀಶ್ ಮೆಲ್ಲಗೆ ಕೇಳಿದ. "ಮದುವೆ ಯಾವಾಗ? ಈ ಸಲ ನಾನು ಕ್ಯಾಲೆಂಡರ್ ನೋಡ್ಕೊಂಡು ಬಂದಿದೀನಿ."

"ಫರ್ನೇಸ್ ಮತ್ತೆ ಉರಿಯೋಕೆ ಶುರುವಾದ ಮೇಲೆ."

"ತಾರೀಖು ಕೇಳ್ದೆ."

"ತಾರೀಖು ಆಫೀಸ್‌ನವರಿಗೆ ಬೇಕು," ಎಂದಳು ಕೃಪಾ. "ನಮಗೆ ಫರ್ನೇಸ್ ಸಾಕು."