ಮತ್ತೆ ಬಂದ ಹಳದಿ

ಬದರಿನಾಥರ ಕಣ್ಣು ಮತ್ತೆ ಹಳದಿಯಾಗಿತ್ತು.

1988. ಗೌರಿಹಬ್ಬಕ್ಕೆ ಇನ್ನು ಮೂರು ದಿನ. ಜಯನಗರದ ಮನೆಯಲ್ಲಿ ಅವರ ಹೆಂಡತಿ ಕಾತ್ಯಾಯಿನಿ ಹಾಕಿದ ಕೂಗಿಗೆ ಲಾಲ್‌ಬಾಗಿನ ಕಾಗೆಗಳೆಲ್ಲ ಎದ್ದು ಹಾರಿದವು. ಹೆಡ್ ಕಾನ್‌ಸ್ಟೇಬಲ್ ಹನುಮಯ್ಯ ಸೈಕಲ್ಲಿನಿಂದ ಇಳಿದ.

"ಆ ನರ್ಸ್ ಜಯಶೀಲಾ ಇವ್ರಿಗೆ ಬರೀ ನೀರು ಚುಚ್ಚಿದಾಳೆ ಕಣ್ರೀ! ಲಂಡನ್ನಿನ ಔಷಧಿ ಮಾರ್ಕೊಂಡಿದಾಳೆ!"

ಬದರಿನಾಥರದು ವರ್ಷಗಟ್ಟಲೆ ಬಿಡದ ಲಿವರ್ ಕಾಯಿಲೆ. ವೈರಸ್ಸಿಗೆಂದು ವಾರಕ್ಕೆ ಮೂರು ಇಂಜೆಕ್ಷನ್. ಐದನೇ ತಿಂಗಳ ರಕ್ತಪರೀಕ್ಷೆ ಚೆನ್ನಾಗಿಯೇ ಬಂದಿತ್ತು. ಈಗ ನೋಡಿದರೆ ಹೀಗೆ. ಸಂಜೆಯೊಳಗೆ ಕಳಂಕ ಕಳೆಯದಿದ್ದರೆ ಜಯಶೀಲಾ ಕೆಲಸ ಬಿಡಬೇಕೆಂದು ನರ್ಸಿಂಗ್ ಹೋಮಿನವರು ಹೇಳಿದ್ದರು.

*

ಕತ್ರಿಗುಪ್ಪೆ. ಜಯಶೀಲಾಳ ಮನೆಯ ಗೂಡಿನಲ್ಲಿ ಅದೇ ಔಷಧಿಯ ಪುಟ್ಟ ಬಾಟಲಿಗಳು ಸಾಲಾಗಿದ್ದವು.

"ಸಿಕ್ಬಿದ್ದೆಯಲ್ಲಮ್ಮಾ!"

"ಖಾಲಿ ಬಾಟ್ಲಿ ಸಾರ್. ಬಿಸಾಕೋಕೆ ಮನಸ್ಸಾಗ್ಲಿಲ್ಲ. ತೊಳ್ದು ಬಾಗಿನಕ್ಕೆ ಕುಂಕುಮ ತುಂಬಿದೀನಿ."

ಹನುಮಯ್ಯ ಒಂದನ್ನು ಮೂಗಿಗೆ ಹಿಡಿದ. ಸೀನಿದ. ಮೀಸೆ ಕೆಂಪಾಯಿತು.

"ಕುಂಕುಮಾನೇ. ನಡಿ, ನೀನೂ ಬಾ."

*

"ಅಮ್ಮಾವ್ರೇ, ಇಂಜೆಕ್ಷನ್ ಆದ ದಿನ ಯಜಮಾನ್ರಿಗೆ ಏನಾಗ್ತಿತ್ತು?" ಜಯನಗರದ ಮನೆಗೆ ಮರಳಿ ಹನುಮಯ್ಯ ಕೇಳಿದ.

"ಚಳಿಜ್ವರ! ಮೂರು ಕಂಬಳಿ ಹೊದ್ಸಿದ್ರೂ ಮಂಚಾನೇ ನಡುಗೋದು."

"ಕೊನೇ ಸಲಾನೂ?"

"ಹೂಂ ಮತ್ತೆ!"

ಹನುಮಯ್ಯ ಡಾಕ್ಟರಿಗೆ ಫೋನ್ ಮಾಡಿದ. ತುಂಬ ಹೊತ್ತು ಹೂಂಗುಟ್ಟಿದ. ಫೋನಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಇಂಜೆಕ್ಷನ್ ದಿನಗಳಿಗೆ ಹಾಕಿದ್ದ ಗುರುತು ಎಣಿಸಿ ತಿರುಗಿದ.

"ಆ ಜ್ವರ ಔಷಧೀದೇ ಗುಣವಂತೆ. ನೀರು ಚುಚ್ಚಿದ್ರೆ ಚಳಿ ಬರಲ್ಲ, ರಕ್ತಾನೂ ಸರಿಹೋಗಲ್ಲ. ಈ ಹುಡುಗಿ ಔಷಧೀನೇ ಚುಚ್ಚಿದಾಳೆ. ಆದ್ರೆ ಡಾಕ್ಟ್ರು ಹೇಳಿದ್ದು ಆರು ತಿಂಗಳು. ನಿಮ್ಮ ಕ್ಯಾಲೆಂಡರಲ್ಲಿ ಗುರುತು ಐದು ತಿಂಗಳಿಗೇ ನಿಂತಿದೆ. ನಿಲ್ಸಿದ್ದು ಯಾರು?"

"ಡಾಕ್ಟ್ರೇ ಸಾಕು ಅಂದ್ರು ಅಂತ ಅಮ್ಮಾವ್ರು ಹೇಳಿದ್ರು," ಅಂದಳು ಜಯಶೀಲಾ.

ಬದರಿನಾಥರು ಹೆಂಡತಿಯತ್ತ ತಿರುಗಿದರು.

"ಆರು ತಿಂಗಳು ಮುಗಿಯೋದು ಆಷಾಢದ ನಡುವೆ," ಕಾತ್ಯಾಯಿನಿ ಗೊಣಗಿದರು. "ಗುಣವಾದೋರಿಗೆ ಆಷಾಢದಲ್ಲಿ ಎಣ್ಣೆನೀರು ಹಾಕೋದು ಹೇಗೆ? ರಿಪೋರ್ಟೂ ಚೆನ್ನಾಗಿತ್ತು. ಮುಂಚೇನೇ ಮುಗಿಸ್ಬಿಟ್ಟೆ. ಕೊನೇ ತಿಂಗಳ ಔಷಧಿ ತರಿಸ್ಲೇ ಇಲ್ಲ."

"ಕಳ್ಳ ವೈರಸ್ಸು ಅಮ್ಮಾವ್ರೇ. ಸತ್ತಿರ್ಲಿಲ್ಲ, ಲಿವರಲ್ಲಿ ಅವಿತಿತ್ತು. ನೀವು ಕಾವಲು ತೆಗೆದ್ರಿ, ಅದು ಎದ್ದು ಬಂತು. ಪೂರ್ತಿ ಚುಚ್ಚಿಸಿಕೊಂಡ್ರೂ ಕೆಲವ್ರಿಗೆ ಮರುಕಳಿಸತ್ತಂತೆ. ಹೆದರ್ಬೇಡಿ, ಲಿವರ್ ಇನ್ನೂ ಕೆಟ್ಟಿಲ್ಲ, ಮತ್ತೆ ಶುರು ಮಾಡೋಣ ಅಂದ್ರು ಡಾಕ್ಟ್ರು."

ಬದರಿನಾಥರು ದೊಡ್ಡ ಉಸಿರುಬಿಟ್ಟು ಕುರ್ಚಿಗೊರಗಿದರು. ಕಾತ್ಯಾಯಿನಿ ಜಯಶೀಲಾಳ ಎರಡೂ ಕೈ ಹಿಡಿದುಕೊಂಡರು.

"ತಪ್ಪಾಯ್ತು ಕಣಮ್ಮಾ. ನೀನೇ ಬಂದು ಚುಚ್ಚಬೇಕು."

"ಬರ್ತೀನಿ. ಮೊದ್ಲು ಈ ಮಾತು ನಮ್ಮ ನರ್ಸಿಂಗ್ ಹೋಮಿನ ಮೇಟ್ರನ್‌ಗೆ ಹೇಳಿ. ಐದಕ್ಕೆ ಅವ್ರು ಹೊರಟ್ಬಿಡ್ತಾರೆ."

ಗಂಟೆ ನಾಲ್ಕೂಮುಕ್ಕಾಲು. ಹನುಮಯ್ಯ ರಸ್ತೆಗೆ ಹಾರಿ ಆಟೊಗೆ ಅಡ್ಡ ನಿಂತ. ಕಾತ್ಯಾಯಿನಿ ನರ್ಸನ್ನು ಒಳಗೆ ತಳ್ಳಿ ತಾವೂ ಹತ್ತಿದರು.

"ಕಾತೀ, ಚಪ್ಪಲಿ!" ಬದರಿನಾಥರು ಗೇಟಿನಿಂದ ನಗುತ್ತ ಕೂಗಿದರು.

ಆಟೊ ಆಗಲೇ ತಿರುವು ದಾಟಿತ್ತು.